ಅಪ್ಪ ಕೊಟ್ಟ ದೂರು

ನನ್ನ ಅಪ್ಪ ಯಾರ ಮೇಲೂ ದೂರು ಹೇಳಿದವನಲ್ಲ. ಇದನ್ನು ಹೊಗಳಿಕೆ ಎಂದು ತಿಳಿಯಬೇಡಿ, ಮಾರಾಯ್ರೆ. ಅವನ ಈ ಗುಣದಿಂದ ನಾನು ಪಟ್ಟ ಪಾಡು ನನಗೇ ಗೊತ್ತು. ಈಗ ಅವನಿಲ್ಲ. ಹಾಗಾಗಿ ಎಷ್ಟು ಬೈದರೂ ಕೇಳಿಸಿಕೊಂಡು ನಗುವವರಿಲ್ಲ, ಅದೇ ದುಃಖ.

ಅವನು ಹೊನ್ನಾವರದ ಒಂದು ಖಾನಾವಳಿಯಲ್ಲಿ ಬಡಿಸುವ ಕೆಲಸಕ್ಕಿದ್ದ. ಹುಡುಗನಾಗಿ ಸೇರಿದವನು ಕೂದಲು ಬೆಳ್ಳಗಾಗುವ ತನಕ ಅಲ್ಲೇ ಇದ್ದ. ಗಿರಾಕಿ ಸಾರು ಚೆಲ್ಲಿದರೆ ಒರೆಸುತ್ತಿದ್ದ, ಬೈದರೆ ನಗುತ್ತಿದ್ದ, ಧಣಿ ಹಬ್ಬಕ್ಕೂ ರಜೆ ಇಲ್ಲ ಅಂದರೆ "ಅಡ್ಡಿಲ್ಲ" ಎಂದು ಮನೆಗೆ ಬಂದು ಅಮ್ಮನ ಹತ್ತಿರ ಬೈಸಿಕೊಳ್ಳುತ್ತಿದ್ದ. ಆ ಕೆಲಸ ಅವನಿಗೆ ಕಲಿಸಿದ್ದು ಒಂದೇ ವಿದ್ಯೆ. ಬಂದು ಕೂತವನ ಮುಂದೆ ಮೊದಲು ನೀರು ಇಡಬೇಕು, ಮಾತು ಆಮೇಲೆ. ಮನೆಯಲ್ಲೂ ಅದೇ. ಯಾರೇ ಬರಲಿ, ಒಂದು ಚೊಂಬು ನೀರು, ತಟ್ಟೆಯಲ್ಲಿ ಒಂದು ತುಂಡು ಬೆಲ್ಲ.

ನಮ್ಮ ಕಡೆ ಬೆಲ್ಲ ನೀರು ಎಲ್ಲರೂ ಕೊಡುತ್ತಾರೆ, ಅದೇನು ದೊಡ್ಡ ಸಂಗತಿಯಲ್ಲ. ಆದರೆ ಅಪ್ಪನದು ಅದಕ್ಕೂ ಒಂದು ಹೆಜ್ಜೆ ಮುಂದೆ. ನಮ್ಮ ಮನೆಯ ನೀರು ಕುಡಿದವರ ಹತ್ತಿರ ಕಷ್ಟ ತೋಡಿಕೊಳ್ಳಬಾರದು, ಇನ್ನೊಬ್ಬರ ಮೇಲೆ ದೂರಂತೂ ಹೇಳಲೇಬಾರದು. ಹೇಳಿದರೆ ಕೊಟ್ಟ ನೀರಿಗೆ ಕೂಲಿ ಕೇಳಿದ ಹಾಗಂತೆ. ನೀರು ಕೊಡದೇ ಮಾತಾಡುವುದಂತೂ ಅವನ ಕೈಯಲ್ಲಿ ಆಗದ ಕೆಲಸ. ಹೀಗಿದ್ದ ಮೇಲೆ ಆ ಮನುಷ್ಯ ಯಾವ ಕಾಲಕ್ಕೆ ಯಾರ ಹತ್ತಿರ ಏನು ಹೇಳಿಯಾನು?

ಅಮ್ಮ ಹೋದ ಮೇಲೆ ಮನೆಯಲ್ಲಿ ನಾವಿಬ್ಬರೇ. ನನಗೆ ಭಟ್ಕಳದ ಬಟ್ಟೆ ಅಂಗಡಿಯಲ್ಲಿ ಕೆಲಸ. ಬೆಳಿಗ್ಗೆ ಬಸ್ಸು ಹತ್ತಿದರೆ ಮರಳಿ ಹೊನ್ನಾವರದಲ್ಲಿ ಇಳಿಯುವಾಗ ದೀಪ ಹಚ್ಚುವ ಹೊತ್ತು. ಅಪ್ಪನ ಕಣ್ಣನ್ನು ಸಕ್ಕರೆ ಕಾಯಿಲೆ ಸ್ವಲ್ಪ ಸ್ವಲ್ಪವಾಗಿ ತಿಂದು, ಕೊನೆಗೆ ಬೆಳಕು ಯಾವ ಬದಿಗಿದೆ ಎಂಬಷ್ಟು ಮಾತ್ರ ಬಿಟ್ಟಿತ್ತು. ಇಡೀ ದಿನ ಅವನನ್ನು ಒಬ್ಬನೇ ಬಿಟ್ಟು ಹೋಗುವುದು ಹೇಗೆ ಎಂದು ತಲೆ ಕೆಡಿಸಿಕೊಂಡಿದ್ದೆ.

ನಾವಿದ್ದದ್ದು ಬಾಡಿಗೆಯ ಚಾಳಿನಲ್ಲಿ. ಒಂದೇ ಸಾಲಿಗೆ ಅಂಟಿಕೊಂಡ ಹಂಚಿನ ಮನೆಗಳು, ಹಿಂದೆ ಎಲ್ಲರಿಗೂ ಸೇರಿದ ಅಂಗಳ, ಅಂಗಳದ ತುದಿಗೆ ಬಾವಿ, ಅದರಾಚೆ ಪಾಯಿಖಾನೆ. ನಾನು ಸಂತೆಯಿಂದ ಕತ್ತದ ಹಗ್ಗ ತಂದು ನಮ್ಮ ಹಿಂಬಾಗಿಲ ಕಂಬಕ್ಕೆ ಒಂದು ತುದಿ ಬಿಗಿದೆ. ಅಲ್ಲಿಂದ ತೆಂಗಿನ ಮರಕ್ಕೆ ಒಂದು ಸುತ್ತು, ಅಲ್ಲಿಂದ ಬಾವಿಕಟ್ಟೆಯ ಕಂಬಕ್ಕೆ, ಕೊನೆಗೆ ಪಾಯಿಖಾನೆಯ ಬಾಗಿಲಿಗೆ. ಅಪ್ಪ ಎಡಗೈಯನ್ನು ಹಗ್ಗದ ಮೇಲೆ ಜಾರಿಸುತ್ತ ಹೋಗುತ್ತಿದ್ದ, ಬರುತ್ತಿದ್ದ. ಕಟ್ಟೆ ಎತ್ತರಕ್ಕಿತ್ತು, ರಾಟೆಯಿತ್ತು, ನೀರು ಸೇದುವುದು ಅವನಿಗೆ ಹೊಸತೂ ಅಲ್ಲ. ಕೊಡಪಾನ ತುಂಬಿಸಿ ಬಲಗೈಯಲ್ಲಿ ಹಿಡಿದು, ಹನಿ ಚೆಲ್ಲದ ಹಾಗೆ ತಂದು ಒಳಗಿಡುತ್ತಿದ್ದ. ಸಂಜೆ ನಾನು ಬಂದು ಚಪ್ಪಲಿ ಬಿಡುವಷ್ಟರಲ್ಲಿ ಆ ನೀರಿನಲ್ಲಿ ಒಂದು ಚೊಂಬು ನನ್ನ ಮುಂದೆ.

"ಕುಡಿ ತಂಗಿ. ನಾನೇ ಸೇದಿದ್ದು." ಮಗಳಾದರೂ ನನ್ನನ್ನು ಅವನು ತಂಗಿ ಎಂದೇ ಕರೆಯುತ್ತಿದ್ದ.

ದಿನಾ ಇದೇ ಮಾತು. ಎಷ್ಟು ಖುಷಿ ಅವನಿಗೆ! ಆ ಹಗ್ಗ ಇರುವಷ್ಟು ದಿನ ಅವನು ಕುರುಡನಾಗಿರಲಿಲ್ಲ ಎಂದೇ ನಾನು ಹೇಳುತ್ತೇನೆ.

ಹೀಗಿರುವಾಗ ತುದಿಯ ಮನೆಗೆ ಒಬ್ಬ ಬಂದ. ಮೀನಿನ ಟೆಂಪೋ ಓಡಿಸುವವನು, ಒಂಟಿ. ಒಂಟಿ ಅಂದರೆ ಹೆಸರಿಗೆ ಮಾತ್ರ, ಸಂಜೆಯಾದರೆ ಅವನ ದೋಸ್ತರ ದಂಡೇ ಇಳಿಯುತ್ತಿತ್ತು. ಬಾವಿಕಟ್ಟೆ ಅವರ ಬೈಠಕ್ಕು. ಭಾನುವಾರ ಅಪ್ಸರಕೊಂಡದ ಜಲಪಾತಕ್ಕೆ ಹೋಗಿ ಕುಡಿದದ್ದು ಸಾಲದೆ ಉಳಿದದ್ದನ್ನು ಇಲ್ಲಿಗೆ ತಂದು ಮುಗಿಸುತ್ತಿದ್ದರು. ಬಾಯಿ ತೆಗೆದರೆ ಹೊಲಸು ಮಾತು, ಮೊಬೈಲಿನಲ್ಲಿ ಕಿವಿ ಹರಿಯುವ ಹಾಡು. ನಮ್ಮ ಗೋಡೆಗೇ ಉಚ್ಚೆ ಹೊಯ್ಯುತ್ತಿದ್ದರು, ಥೂ! ಬೆಳಗಾದರೆ ಅಂಗಳದ ತುಂಬ ಬಾಟಲಿ, ಒಡೆದ ಗಾಜು. ಬೈಕುಗಳನ್ನು ತಂದು ನಿಲ್ಲಿಸುವುದು ಸರಿಯಾಗಿ ಹಗ್ಗದ ದಾರಿಯಲ್ಲೇ. ಒದ್ದೆ ಟವೆಲ್ಲು, ಚಡ್ಡಿ ಒಣಗಿಸುವುದೂ ಅದೇ ಹಗ್ಗದ ಮೇಲೆ.

ಇದನ್ನೆಲ್ಲ ಸಹಿಸಿಕೊಂಡೇನು ಎಂದಿಟ್ಟುಕೊಳ್ಳಿ. ಒಂದು ಸಂಜೆ ನಾನು ಬಂದು ನೋಡುತ್ತೇನೆ, ಮನೆಯಲ್ಲಿ ಅಪ್ಪ ಇಲ್ಲ, ಮುಂದೆ ನೀರಿನ ಚೊಂಬಿಲ್ಲ. ಹಿಂದೆ ಓಡಿದೆ. ಅಪ್ಪ ತೆಂಗಿನ ಮರದ ಬುಡದಲ್ಲಿ ಮೊಣಕಾಲು ಅಪ್ಪಿಕೊಂಡು ಕೂತಿದ್ದ. ಪಕ್ಕದಲ್ಲಿ ಖಾಲಿ ಕೊಡಪಾನ. ಮರದಿಂದ ಆಚೆ ಹಗ್ಗ ಇರಲಿಲ್ಲ. ತುದಿಮನೆಯವನು ಟೆಂಪೋದ ತಾಡಪತ್ರಿ ಕಟ್ಟುವುದಕ್ಕೆ ಅದನ್ನು ಕೊಯ್ದುಕೊಂಡು ಹೋಗಿದ್ದ. ಅಪ್ಪ ಮರದ ತನಕ ಹೋಗಿ, ಮುಂದಕ್ಕೆ ಕೈ ಚಾಚಿ ಹಗ್ಗ ಸಿಗದೆ, ಹಿಂದಿನ ಹಗ್ಗವೂ ಸಡಿಲಾಗಿ ನೆಲಕ್ಕೆ ಬಿದ್ದಿದ್ದರಿಂದ ಅದನ್ನೂ ಹುಡುಕಲಾರದೆ, ಅಲ್ಲೇ ಕೂತವನು ಸಂಜೆಯ ತನಕ ಕೂತೇ ಇದ್ದ. ಮಧ್ಯಾಹ್ನದ ಊಟವೂ ಇಲ್ಲ.

"ಕೂಗೂಕಾಗ್ಲಿಲ್ವಾ ಅಪ್ಪಾ ಯಾರನ್ನಾದ್ರೂ?"

"ಎಂತಕ್ಕೆ ಕೂಗೂದು? ಗಾಳಿ ಚೊಲೋ ಇತ್ತು. ಕೂತ್ಕಂಡೆ," ಅಂದ.

ಅವನ ಪಂಚೆ ಒದ್ದೆಯಾಗಿತ್ತು. ಪಾಯಿಖಾನೆಗೆ ಹೋಗಲೂ ಆಗಿರಲಿಲ್ಲ ಅವನಿಗೆ. ನಾನು ಅವನನ್ನು ಎಬ್ಬಿಸಿ ಒಳಗೆ ಕರೆದುಕೊಂಡು ಹೋಗಿ, ಮೈ ತೊಳೆಸಿ, ಆಮೇಲೆ ಸೀದಾ ತುದಿಮನೆಗೆ ಹೋದೆ. ಆಡಬಾರದ್ದನ್ನೆಲ್ಲ ಆಡಿದೆ. ಅವನು ಬಾಗಿಲಿಗೆ ಒರಗಿ ನಿಂತು ಹಲ್ಲು ಕಿರಿದ.

"ಎಂತ ಅಕ್ಕಾ, ಒಂದ್ ಹಗ್ಗಕ್ಕೆ ಇಷ್ಟೆಲ್ಲ ರಗಳೆನಾ? ಅಜ್ಜಂಗೆ ಬೇರೆ ತಂದ್ಕೊಡ್ತೆ ಬಿಡಿ."

ತರಲಿಲ್ಲ. ನಾನೇ ತಂದು ಕಟ್ಟಿದೆ. ಅವನು ಮಾಡಿದ್ದು ಏನೆಂದರೆ, ಮಾರನೇ ದಿನ ಬಾಳೆ ಎಲೆಯಲ್ಲಿ ನಾಲ್ಕು ಬಂಗಡೆ ಸುತ್ತಿ ನಮ್ಮ ಬಾಗಿಲಲ್ಲಿಟ್ಟು ಹೋದದ್ದು. ನಾನು ಎತ್ತಿ ಬಿಸಾಡುವುದಕ್ಕೆ ಹೊರಟೆ. ಅಪ್ಪ ಬಿಡಲಿಲ್ಲ. ಸಾರು ಮಾಡಿಸಿ ಉಂಡ. ಉಂಡವನು ಕೈ ತೊಳೆಯುತ್ತ, "ಹುಡ್ಗ ಕೆಟ್ಟವ ಅಲ್ಲ, ತಂಗಿ. ಅವ್ನ ಮೀನು ತಿಂದ್ಕಂಡು ಅವ್ನನ್ನೇ ಬೈಯೂಕಾಗ್ತದ್ಯಾ?" ಎಂದ. ನನ್ನ ಮೈಯೆಲ್ಲ ಉರಿದುಹೋಯಿತು.

ಚಾಳಿನ ಮಾಲಕರು ಇರುವುದು ಮುಂಬೈಯಲ್ಲಿ. ವರ್ಷಕ್ಕೊಮ್ಮೆ ಚೌತಿಗೆ ಊರಿಗೆ ಬರುವವರು. ನಾನು ಫೋನು ಮಾಡಿ ಹೇಳಿದೆ. "ಹೌದಾ? ನಾ ಹೇಳ್ತೆ ಅವ್ನಿಗೆ. ನೀವೂ ಸ್ವಲ್ಪ ಹೊಂದ್ಕಂಡು ಹೋಗಿ. ಚಾಳು ಅಂದ್ಮೇಲೆ ಹೀಂಗೇಯಾ," ಅಂದರು. ಅವರು ಹೇಳಿದರೋ ಇಲ್ಲವೋ, ಇಲ್ಲಿ ಗದ್ದಲ ಇನ್ನಷ್ಟು ಏರಿತು. ಮತ್ತೆ ಮಾಡಿದೆ, ಎತ್ತಲಿಲ್ಲ. ಬಾಟಲಿಗಳ ಫೋಟೋ, ಹಗ್ಗದ ಮೇಲೆ ಒರಗಿಸಿದ ಬೈಕಿನ ಫೋಟೋ, ಅವರ ಕೂಗಾಟದ ರೆಕಾರ್ಡು, ಎಲ್ಲ ವಾಟ್ಸಾಪಿನಲ್ಲಿ ಕಳಿಸಿದೆ. ನೀಲಿ ಗೆರೆ ಬರುತ್ತಿತ್ತು, ಉತ್ತರ ಬರುತ್ತಿರಲಿಲ್ಲ. ಚಾಳಿನ ಉಳಿದವರನ್ನು ಜೊತೆಗೆ ಬನ್ನಿ ಎಂದರೆ, ನಮಗೆ ಯಾಕೆ ಊರ ಉಸಾಬರಿ ಎಂದು ಜಾರಿಕೊಂಡರು. ಪೊಲೀಸರಿಗೆ ಹೇಳುತ್ತೇನೆ ಎಂದರೆ ಅಪ್ಪನೇ ನನ್ನ ಕೈ ಹಿಡಿದುಕೊಂಡ. ಕಡೆಗೆ ಚೌತಿಯ ಹತ್ತಿರ ಮಾಲಕರೇ ಫೋನು ಮಾಡಿ, ಹಬ್ಬ ಮುಗಿದ ಮರುದಿನ ಬಂದು ಕಣ್ಣಾರೆ ನೋಡುತ್ತೇನೆ, ನಿಮ್ಮ ಅಪ್ಪನ ಹತ್ತಿರವೇ ಕೇಳುತ್ತೇನೆ ಎಂದರು.

ನನಗೆ ಬೇಕಾದದ್ದು ಅದೇ. ಆ ವಾರವಿಡೀ ಅಪ್ಪನನ್ನು ಶಾಲೆಯ ಮಗುವಿನ ಹಾಗೆ ಎದುರಿಗೆ ಕೂರಿಸಿಕೊಂಡು ಕಲಿಸಿದೆ. ದಾರಿಗೆ ಬೈಕು ಇಡ್ತಾರೆ. ಬಾಟ್ಲಿ ಒಡೀತಾರೆ, ಕಾಲಿಗೆ ಗಾಜು ಹೆಟ್ಟತದೆ. ಗೋಡೆಗೆ ಉಚ್ಚೆ ಹೊಯ್ತಾರೆ. ಹಗ್ಗ ಕೊಯ್ದರು, ನಾನು ಇಡೀ ದಿನ ಮರದ ಬುಡದಲ್ಲಿ ಕೂತೆ. ಅಪ್ಪ ಒಂದೊಂದನ್ನೂ ಹೇಳಿ ಒಪ್ಪಿಸಿದ. ಮೊದಮೊದಲು ನಾಚಿಕೊಂಡ, ಆಮೇಲೆ ಸರಾಗವಾಯಿತು.

"ಮರೀದೆ ಹೇಳ್ತ್ಯಾ ಅಪ್ಪಾ?"

"ಆತು. ಹೇಳ್ತೆ."

"ಹೇಳದಿದ್ರೆ ನಾವು ಇಲ್ಲಿ ಇರೂಕಾಗೂದಿಲ್ಲ, ಗೊತ್ತದ್ಯಾ?"

"ಹೇಳ್ತೆ ಅಂದ್ನಲ್ಲೇ ಮಾರಾಯ್ತಿ."

ಹಬ್ಬದ ರಾತ್ರಿ ಆ ದಂಡು ಕುಣಿದು ಕುಪ್ಪಳಿಸಿತು. ಬೆಳಿಗ್ಗೆ ಹಿಂದಿನ ಬಾಗಿಲು ತೆಗೆದರೆ ಅಂಗಳ ರಣರಂಗ. ನನಗೆ ಒಳಗೊಳಗೇ ಸಂತೋಷ. ಬರಲಿ ಮಾಲಕರು, ನೋಡಲಿ! ಒಂದು ಬಾಟಲಿಯನ್ನೂ ಮುಟ್ಟಲಿಲ್ಲ. ಅಪ್ಪನಿಗೆ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಸಿ, ಮಾಲಕರನ್ನು ಎದುರುಗೊಳ್ಳಲು ದೊಡ್ಡ ರಸ್ತೆಗೆ ಹೋದೆ. ಅವರ ರಿಕ್ಷಾ ತಡವಾಗಿ ಬಂತು. ದಾರಿಯುದ್ದಕ್ಕೂ ಅವರಿಗೆ ಎಲ್ಲ ಹೇಳುತ್ತ, ಸೀದಾ ಹಿತ್ತಲ ಕಡೆಯಿಂದಲೇ ಕರೆತಂದೆ. ಮೊದಲು ಅಂಗಳ ನೋಡಲಿ ಎಂದು.

ಅಂಗಳ ತೊಳೆದಿಟ್ಟ ಹಾಗಿತ್ತು.

ಬಾಟಲಿಯಿಲ್ಲ, ಗಾಜಿಲ್ಲ, ಬೈಕಿಲ್ಲ. ಗುಡಿಸಿದ ಹಿಡಿಸೂಡಿಯ ಗೆರೆಗಳು ನೆಲದ ಮೇಲೆ ಕಾಣುತ್ತಿದ್ದವು. ಬಾವಿಕಟ್ಟೆಗೆ ನೀರು ಹೊಯ್ದಿತ್ತು. ಹಿಂಬಾಗಿಲಲ್ಲಿ ಅಪ್ಪ, ಬಿಳಿ ಅಂಗಿಯ ಎದೆಗೆಲ್ಲ ಮಣ್ಣು ಮಾಡಿಕೊಂಡು, ಕೈಯಲ್ಲಿ ತಟ್ಟೆ ಹಿಡಿದು ನಿಂತಿದ್ದ. ತಟ್ಟೆಯಲ್ಲಿ ಬೆಲ್ಲ, ನೀರು. ಅವನ ಎರಡು ಬೆರಳಿಗೆ ಬಟ್ಟೆ ಸುತ್ತಿತ್ತು, ಬಟ್ಟೆಯ ಹೊರಗೂ ರಕ್ತ ಬಂದಿತ್ತು.

ಮನೆಗೆ ಮಾಲಕರು ಬರುತ್ತಾರೆ, ಅಂಗಳ ಹೊಲಸಾಗಿರುವುದೇ? ಅವನ ತಲೆಯಲ್ಲಿ ಓಡಿದ್ದು ಅಷ್ಟೇ. ನಾನು ಆಚೆ ಹೋದದ್ದೇ ತಡ, ಹಗ್ಗ ಹಿಡಿದು ಹೋಗಿ, ನೆಲದ ಮೇಲೆ ಕೂತು ತೆವಳುತ್ತ, ಕೈಯಿಂದ ಸವರಿ ಸವರಿ ಬಾಟಲಿಗಳನ್ನೆಲ್ಲ ಗೋಣಿಚೀಲಕ್ಕೆ ತುಂಬಿದ್ದ. ಆ ಚೀಲವನ್ನು ಟೆಂಪೋದಲ್ಲಿ ಹಾಕಿ ದೂರ ಸಾಗಿಸಿದ್ದು ಯಾರು ಅಂತೀರಿ? ಅದೇ ತುದಿಮನೆಯವನು! ಅಪ್ಪನೇ ಕರೆದು ಸಹಾಯ ಕೇಳಿದ್ದನಂತೆ. ಅವನೂ ಸ್ನಾನ ಮಾಡಿ, ಹಣೆಗೆ ಕುಂಕುಮ ಇಟ್ಟುಕೊಂಡು, ಪರಮ ಸಾಧುವಿನಂತೆ ಅಲ್ಲೇ ನಿಂತಿದ್ದ.

ಮಾಲಕರು ಬೆಲ್ಲ ಬಾಯಿಗೆ ಹಾಕಿ ನೀರು ಕುಡಿದರು. ಆ ನೀರು ಅವರ ಗಂಟಲಲ್ಲಿ ಇಳಿಯುವುದನ್ನು ನೋಡುತ್ತ ನಿಂತ ನನಗೆ, ಮುಗಿಯಿತು ಕಥೆ ಅನ್ನಿಸಿಬಿಟ್ಟಿತು.

"ಎಂತ ಅಜ್ಜಾ, ಇಲ್ಲಿ ಭಾರೀ ತೊಂದ್ರೆ ಅಂತೆ? ಮಗಳು ಹೇಳ್ತ್ರು."

ಅಪ್ಪ ನನ್ನ ಸದ್ದಿದ್ದ ಕಡೆಗೆ ಒಮ್ಮೆ ಮುಖ ತಿರುಗಿಸಿದ. ಬಾಯಿ ತೆರೆದ, ಮುಚ್ಚಿದ. ಅವನಿಗೆ ಎಲ್ಲ ನೆನಪಿತ್ತು, ನನಗದು ಗೊತ್ತು. ಆಮೇಲೆ ಖಾನಾವಳಿಯ ನಗು ನಕ್ಕ.

"ಎಂತ ತೊಂದ್ರೆನೂ ಇಲ್ಲ, ಮಾಲಕ್ರೆ. ಎಲ್ಲಾ ಚೊಲೋ ಅದೆ. ಹುಡ್ಗ್ರು ಒಳ್ಳೇವ್ರು. ನೀವು ಇನ್ನೊಂದ್ ತುಂಡು ಬೆಲ್ಲ ತಕಣಿ."

ಮಾಲಕರು ನನ್ನ ಕಡೆ ನೋಡಿದ ನೋಟವನ್ನು ನಾನು ಈ ಜನ್ಮದಲ್ಲಿ ಮರೆಯಲಾರೆ. ಮೊಬೈಲು ತೆಗೆದು ಫೋಟೋ ತೋರಿಸಹೋದೆ. "ಸಾಕು ಸಾಕು, ನೋಡಿದ್ದೆ ಬಿಡಿ," ಎಂದು ಹೊರಟುಬಿಟ್ಟರು. ನಾನು ಅಡುಗೆಮನೆಗೆ ಹೋಗಿ ಒಲೆಯ ಮುಂದೆ ಕೂತು ಅತ್ತೆ. ಅಪ್ಪ ಗೋಡೆ ಹಿಡಿದು ಬಂದು ಹತ್ತಿರ ನಿಂತ. "ನೀರು ಕುಡ್ದಿದ್ರಲ್ಲೇ ತಂಗಿ," ಎಂದ. ನಾನು ಅವನ ಬೆರಳಿನ ಬಟ್ಟೆ ಬಿಚ್ಚಿ, ಗಾಯ ತೊಳೆದು, ಔಷಧಿ ಹಚ್ಚಿದೆ.

ದಸರೆಯ ಹೊತ್ತಿಗೆ ಮಾಲಕರ ಫೋನು ಬಂತು. "ನಿಮ್ಗೆ ಅಲ್ಲಿ ಹೊಂದ್ಕಂಡು ಹೋಗೂಕಾಗೂದಿಲ್ಲ ಅಂತ ಕಾಣ್ತದೆ. ಬೇರೆ ಯಾರದೂ ತಕರಾರಿಲ್ಲ, ನಿಮ್ದೊಂದೇ. ಮುದುಕ್ರಿಗೆ ನಾಳೆ ಎಂತಾದ್ರೂ ಆದ್ರೆ ನನ್ನ ತಲೆಗೆ ಬರ್ತದೆ. ಬೇರೆ ಮನೆ ನೋಡ್ಕಣಿ." ಕುಡಿದು ಕೂಗಾಡಿದವನಿಗೆ ಮನೆ ಇತ್ತು. ಕೂಗಾಡುತ್ತಾರೆ ಎಂದು ಹೇಳಿದವಳಿಗೆ ಇರಲಿಲ್ಲ.

ಹೇಗೂ ಬಿಡಬೇಕಾದ ಮೇಲೆ ಅಂಗಡಿಯ ಹತ್ತಿರವೇ ಇರೋಣ, ಮಧ್ಯಾಹ್ನ ಬಂದು ಅಪ್ಪನಿಗೆ ಊಟ ಕೊಟ್ಟು ಹೋಗಬಹುದು ಎಂದು ಭಟ್ಕಳದಲ್ಲಿ ಮನೆ ಹಿಡಿದೆ. ಹೊರಡುವ ದಿನ ತುದಿಮನೆಯವನು ಬಂದು ಸಾಮಾನು ಸಾಗಿಸಲು ತನ್ನ ಟೆಂಪೋ ಕೊಡುತ್ತೇನೆ ಎಂದ. ಅಪ್ಪನಿಗೆ ಮನಸ್ಸಿತ್ತು. ತಲೆಯ ಮೇಲೆ ಹೊತ್ತುಕೊಂಡು ಹೋದೇನು, ಇವನ ಗಾಡಿ ಮಾತ್ರ ಬೇಡ ಎಂದೆ ನಾನು. ಹಗ್ಗ ಬಿಚ್ಚಿ ಸುರುಳಿ ಸುತ್ತಿದೆ. ಹೊನ್ನಾವರ ಬಿಟ್ಟು ಭಟ್ಕಳ ಮುಟ್ಟುವ ತನಕ ಅಪ್ಪ ಆ ಸುರುಳಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ.

ಹೊಸ ಮನೆ ಮಹಡಿಯ ಮೇಲೆ. ನಲ್ಲಿ ಒಳಗೇ, ಪಾಯಿಖಾನೆ ಒಳಗೇ, ಮಂಚದಿಂದ ಕೈಯಳತೆಯಲ್ಲಿ ಎಲ್ಲ. ಅಕ್ಕಪಕ್ಕದವರು ನವಾಯತಿ ಮಾತಾಡುವ ಮರ್ಯಾದಸ್ಥ ಜನ, ಒಂದು ಜೋರು ಮಾತಿಲ್ಲ. ನಾನು ಬೇಡಿಕೊಂಡದ್ದೆಲ್ಲ ಅಲ್ಲಿ ಸಿಕ್ಕಿತ್ತು.

ಅಪ್ಪ ಮಾತ್ರ ಮಂಚ ಬಿಟ್ಟು ಏಳಲಿಲ್ಲ. ಏಳುವುದಾದರೂ ಯಾಕೆ, ಎಲ್ಲಿಗೆ ಹೋಗಬೇಕು? ಮೊದಲ ದಿನ, "ಬಾವಿ ಯಾವ ಬದಿಗದೆ ತಂಗಿ?" ಎಂದು ಕೇಳಿದ. "ಬಾವಿ ಇಲ್ಲ ಅಪ್ಪಾ, ನಲ್ಲಿ ಅದೆ," ಎಂದೆ. "ಅಡ್ಡಿಲ್ಲ," ಎಂದ. ಮರುದಿನ ಮತ್ತೆ ಕೇಳಿದ. ಅದರ ಮರುದಿನವೂ ಕೇಳಿದ. ಆಮೇಲೆ ಕೇಳುವುದನ್ನು ಬಿಟ್ಟ. ನಾನು ಬಂದಾಗ ಮುಂದೆ ಚೊಂಬು ಇಡುವುದೂ ನಿಂತಿತು. ನಲ್ಲಿಯ ನೀರನ್ನು ಅವನು ನೀರೆಂದು ಲೆಕ್ಕಕ್ಕೇ ಹಿಡಿಯಲಿಲ್ಲವೋ ಏನೋ. ಕಾಲು ಸೋತವು, ಮಾತು ಕಡಿಮೆಯಾಯಿತು. ಬರಬರುತ್ತ ತಾನು ಎಲ್ಲಿದ್ದೇನೆ ಎಂಬುದೂ ಮಸುಕಾಯಿತು. ಹೊನ್ನಾವರದ ಬಸ್ಸುಗಳ ಹೆಸರು ಹಿಡಿದು, ಇವತ್ತು ತಡವಾಯಿತಲ್ಲ ಎನ್ನುತ್ತಿದ್ದ. ಹೊಂದಿಕೊಳ್ಳುತ್ತಾನೆ, ಸ್ವಲ್ಪ ದಿನ ಹೋಗಲಿ ಎಂದು ನಾನು ನನಗೇ ಸಮಾಧಾನ ಹೇಳಿಕೊಳ್ಳುತ್ತಿದ್ದೆ. ಸುಳ್ಳು ಸಮಾಧಾನ.

ಮುಂದಿನ ಮಳೆಗಾಲದಲ್ಲಿ ಗೋಡೆಗೆ ನೀರು ಇಳಿಯುತ್ತಿದೆಯೇ ನೋಡಲು ಹೊಸ ಮನೆಯ ಮಾಲಕರು ಬಂದರು. ವಯಸ್ಸಾದ ಸಾಹೇಬರು, ತೂಕದ ಮನುಷ್ಯ. ನಾನು ಅಪ್ಪನ ಕಿವಿಯ ಹತ್ತಿರ ಬಾಗಿ ಹೇಳಿದೆ.

"ಅಪ್ಪಾ, ಮನೆ ಮಾಲಕ್ರು ಬಂದಾರೆ."

ಅಪ್ಪ ಎದ್ದು ಕೂತ. ತಿಂಗಳುಗಳ ಮೇಲೆ ತಾನಾಗಿ ಎದ್ದು ಕೂತಿದ್ದ. ಅಂಗಿಯ ಗುಂಡಿ ತಡಕಿ ಹಾಕಿಕೊಂಡ. ಇನ್ನು "ತಂಗಿ, ನೀರು ತಾ" ಅನ್ನುತ್ತಾನೆ ಎಂದು ನಾನು ಅರ್ಧ ತಿರುಗಿಯೇ ಬಿಟ್ಟಿದ್ದೆ.

"ಮಾಲಕ್ರೆ," ಅಂದ, "ಇಲ್ಲಿ ಭಾರೀ ತೊಂದ್ರೆ ಅದೆ."

ನೀರಿಗೆ ಹೊರಟಿದ್ದ ನಾನು ತಿರುಗಿ ಅವನ ಮುಖ ನೋಡಿದೆ.

"ದಾರಿಗೆ ಬೈಕು ಇಡ್ತಾರೆ. ಬಾಟ್ಲಿ ಒಡೀತಾರೆ, ಕಾಲಿಗೆ ಗಾಜು ಹೆಟ್ಟತದೆ. ಗೋಡೆಗೆ ಉಚ್ಚೆ ಹೊಯ್ತಾರೆ. ಹಗ್ಗ ಕೊಯ್ದರು. ನಾನು ಇಡೀ ದಿನ ಮರದ ಬುಡದಲ್ಲಿ ಕೂತೆ." ಒಂದನ್ನೂ ಬಿಡಲಿಲ್ಲ. ನಾನು ಕಲಿಸಿದ ಕ್ರಮದಲ್ಲೇ ಹೇಳಿದ. ಕೊನೆಗೆ ನಾನು ಕಲಿಸದ ಒಂದು ಮಾತನ್ನೂ ಸೇರಿಸಿದ. "ನನ್ನ ಮಗಳು ಹೇಳಿದ್ದು ಸುಳ್ಳಲ್ಲ, ಮಾಲಕ್ರೆ. ನಮ್ಗೆ ಈ ಮನೆ ಬಿಡಿಸ್ಬೇಡಿ. ಬಾವಿಗೆ ಹೋಪ ದಾರಿ ಒಂದು ಖಾಲಿ ಮಾಡಿಸ್ಕೊಡಿ, ಸಾಕು."

ಸಾಹೇಬರು ನನ್ನ ಮುಖ ನೋಡಿದರು. ಹೂಂ ಎನ್ನಿ ಎಂಬಂತೆ ನಾನು ತಲೆಯಾಡಿಸಿದೆ. ಅವರು ಕುರ್ಚಿಯನ್ನು ಮಂಚದ ಹತ್ತಿರ ಎಳೆದುಕೊಂಡು ಕೂತು, ಅಪ್ಪನ ಕೈ ಹಿಡಿದರು.

"ಆತು ಅಜ್ಜಾ. ನಾನು ಹೇಳ್ತೇನೆ ಅವ್ರಿಗೆ. ಇವತ್ತೇ ಹೇಳ್ತೇನೆ."

"ತಪ್ಪು ತಿಳ್ಕಣಬೇಡಿ, ನಿಮ್ಗೆ ನೀರೂ ಕೊಡ್ಲಿಲ್ಲ," ಎಂದ ಅಪ್ಪ. "ನೀವು ನೀರು ಕುಡ್ದಿದ್ರೆ ನಂಗೆ ಹೇಳೂಕಾಗ್ತಿರ್ಲಿಲ್ಲ."

ಆಮೇಲೆ ನನ್ನ ಕಡೆ ತಿರುಗಿ, "ತಂಗಿ, ಎಲ್ಲಾ ಹೇಳ್ದೆ. ಇನ್ನು ಮಾಲಕ್ರಿಗೆ ಬೆಲ್ಲ, ನೀರು ಕೊಡು," ಎಂದ. ನಾನು ತಂದುಕೊಟ್ಟೆ. ಸಾಹೇಬರು ಬೆಲ್ಲದ ತುಂಡು ಬಾಯಿಗಿಟ್ಟು, ಚೊಂಬಿನ ನೀರನ್ನು ಪೂರ್ತಿ ಕುಡಿದು ಹೋದರು. ಗೋಡೆ ನೋಡುವುದನ್ನು ಮರೆತೇಬಿಟ್ಟರು.

ಮರುದಿನ ಬೆಳಿಗ್ಗೆ ನಾನು ಅಂಗಡಿಗೆ ಹೊರಡುವಾಗ ಅಪ್ಪ ಮಂಚದ ಅಂಚಿಗೆ ಕಾಲಿಳಿಸಿ ಕೂತಿದ್ದ. "ಹಗ್ಗ ಕಟ್ಟು ತಂಗಿ. ಮಾಲಕ್ರು ಹೇಳಿರ್ತ್ರು," ಎಂದ. ಕಟ್ಟಬಾರದಿತ್ತೇನೋ. ಇಲ್ಲ ಎನ್ನಲು ನನ್ನ ಕೈಯಲ್ಲಾಗಲಿಲ್ಲ. ಮಂಚದ ಅಡಿಯಿಂದ ಸುರುಳಿ ತೆಗೆದು ಒಂದು ತುದಿಯನ್ನು ಮಂಚದ ಕಾಲಿಗೆ, ಇನ್ನೊಂದನ್ನು ಅಡುಗೆಮನೆಯ ನಲ್ಲಿಗೆ ಕಟ್ಟಿದೆ. ಅವನು ಎಡಗೈಯನ್ನು ಅದರ ಮೇಲಿಟ್ಟು ಎದ್ದು ನಿಂತ. ಕಾಲುಗಳು ತತ್ತರಿಸುತ್ತಿದ್ದವು, ಮುಖದಲ್ಲಿ ಮಾತ್ರ ಹಳೆಯ ಕಳೆ. ನಾಲ್ಕು ಹೆಜ್ಜೆಗೆ ಹಗ್ಗ ಮುಗಿಯಿತು. ಚಾಚಿದ ಬಲಗೈ ಗೋಡೆಗೆ ತಾಗಿತು. ಅಪ್ಪ ಆ ಗೋಡೆಯನ್ನು ಮೇಲಿಂದ ಕೆಳಗೆ, ಈ ಬದಿಯಿಂದ ಆ ಬದಿಗೆ ಸವರಿ ನೋಡಿದ.

"ದಾರಿಗೆ ಇಟ್ಟದ್ದು ಇನ್ನೂ ತೆಗೀಲಿಲ್ಲ ಅವ್ರು," ಎಂದ.

ಸ್ವಲ್ಪ ಹೊತ್ತು ಹಾಗೇ ಕಾದು ನಿಂತ. ಆಮೇಲೆ ಗೋಡೆಯ ಬುಡದಲ್ಲಿ ಮೊಣಕಾಲು ಅಪ್ಪಿಕೊಂಡು ಕೂತ. ನಾನು ಚೀಲ ಕೆಳಗಿಟ್ಟು ಅವನ ಪಕ್ಕದಲ್ಲಿ ಕೂತೆ. ಆ ದಿನ ಅಂಗಡಿಗೆ ಹೋಗಲಿಲ್ಲ.